ಡಾಬು ಇಲ್ಲದೆ ಧಾರೆ ಆಗದೇ?

ಪ್ರಶ್ನೆ: ಮಗಳ ಧಾರೆಗೆ ಚಿನ್ನದ ಡಾಬು ಇರಲೇಬೇಕು, ಇಲ್ಲದಿದ್ದರೆ ಅಶುಭ ಅಂತಾರೆ ಬೀಗರು. ಸಾಲ ಮಾಡಿ ಮಾಡಿಸಲೇ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಸಾಲ ಖಂಡಿತ ಬೇಡಿ ತಾಯಿ. ಡಾಬು, ನಿಮ್ಮ ಕಡೆಯ ತೆಲುಗು ಮನೆಗಳವರು ಹೇಳುವ ವಡ್ಡಾಣಂ, ಅಲಂಕಾರವೇ ಹೊರತು ವಿವಾಹವಿಧಿಯ ಅಂಗವಲ್ಲ. ಲಲಿತಾ ಸಹಸ್ರನಾಮದಲ್ಲಿ ದೇವಿಯ ಕಿರುಗೆಜ್ಜೆಯ ಒಡ್ಯಾಣದ ವರ್ಣನೆ ಇದೆ, ನಿಜ. ಅದು ಧ್ಯಾನಕ್ಕೆ, ವಧುವಿಗೆ ಹಾಕಿದ ಕಟ್ಟಳೆಯಲ್ಲ. ಆಪಸ್ತಂಬ ಸೂತ್ರದವರಲ್ಲಿ ವಧುವಿನ ಸೊಂಟಕ್ಕೆ ಮಂತ್ರ ಹೇಳಿ ಕಟ್ಟುವುದು ಯೋಕ್ತ್ರ. ಪುರೋಹಿತರು ಅದನ್ನು ದರ್ಭೆಯಲ್ಲೇ ಹೊಸೆಯುತ್ತಾರೆ. ಅದು ಎಷ್ಟು ಗ್ರಾಂ ಅಂತ ಯಾರೂ ಕೇಳುವುದಿಲ್ಲ! ಮನೆಯಲ್ಲಿ ಹಿರಿಯರ ಬೆಳ್ಳಿ ಡಾಬಿದ್ದರೆ ತೊಳೆದು, ಅರಿಶಿನ-ಕುಂಕುಮ ಇಟ್ಟು ತೊಡಿಸಿ. ಗಿಲೀಟಿನದಾದರೂ ದೋಷವಿಲ್ಲ. ಬೀಗರಿಗೆ ಈ ಮಾತನ್ನು ಪುರೋಹಿತರ ಬಾಯಿಂದಲೇ ಹೇಳಿಸಿ, ಲಗ್ನಪತ್ರಿಕೆಗೆ ಮೊದಲೇ.