ಬುತ್ತಿ ಕಟ್ಟಿಕೊಂಡು ಕರಡಿ ನೋಡಲು: ರಾಯಚೂರಿನಿಂದ ದರೋಜಿಗೆ

ಸ್ವಂತ ಕಾಡು, ಅದರ ನಡುವೆ ಒಂದು ಮನೆ, ಮನೆಯೊಳಗೆ ನಾವೇ ಬೇಯಿಸಿಕೊಳ್ಳುವ ಒಲೆ, ಕಿಟಕಿಯಾಚೆ ಆನೆ. ದಕ್ಷಿಣ ಆಫ್ರಿಕಾದ ಇಂಥ ವಿಡಿಯೊ ನೋಡಿ “ನಮ್ಮ ಕಡಿ ಹಿಂಗ ಎಲ್ಲಿ ಸಿಗತದ?” ಎಂದು ಕೇಳುವವರು ಈಗ ರಾಯಚೂರಿನಲ್ಲೂ ಮಾನ್ವಿಯಲ್ಲೂ ಇದ್ದಾರೆ. ಇದ್ದದ್ದು ಇದ್ದಹಾಗೆ ಹೇಳಬೇಕೆಂದರೆ, ಹಾಗೆಯೇ ಎಲ್ಲೂ ಸಿಗುವುದಿಲ್ಲ. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಮಗ್ಗುಲಿಗಿರುವ ಸಾಬಿ ಸ್ಯಾಂಡ್, ಟಿಂಬವಾಟಿ ಕಾಡುಗಳು ಖಾಸಗಿ ಒಡೆತನದವು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಹೊಲದ ಪಹಣಿ ನಿಮ್ಮ ಹೆಸರಿನಲ್ಲಿದ್ದರೂ ಅದರಲ್ಲಿ ಮೇಯುವ ಜಿಂಕೆ ನಿಮ್ಮದಲ್ಲ. ಕೊಡಗಿನಲ್ಲಿ ಮಲ್ಹೋತ್ರಾ ದಂಪತಿ 1991ರಿಂದ ಜಮೀನು ಕೊಂಡು ಕಾಡು ಬೆಳೆಸಿದ ಸಾಯಿ ಸ್ಯಾಂಕ್ಚುರಿಯಂಥ ಅಪರೂಪದ ಉದಾಹರಣೆ ಇದೆಯಾದರೂ ಅದು ನಮಗೆ ದೂರದ ಮಾತು.

ಆದರೆ ನಾಲ್ಕು ತಾಸಿನ ದಾರಿಯಲ್ಲಿ ಅದನ್ನೇ ಬೇರೆ ರೀತಿ ಹೊಂದಿಸಿಕೊಳ್ಳಬಹುದು. ಕಾಡು ಸರ್ಕಾರದ್ದು, ಮನೆ ಬಾಡಿಗೆಯದು, ಅಡುಗೆ ನಿಮ್ಮದು. ಜಾಗ, ಕಮಲಾಪುರದ ಹತ್ತಿರದ ದರೋಜಿ ಕರಡಿಧಾಮ.

ದರೋಜಿ ಎಂದರೆ ನಮ್ಮ ಕಡೆ ಹಿರಿಯರಿಗೆ ಮೊದಲು ನೆನಪಾಗುವವರು ಬುರ್ರಕಥೆಯ ಈರಮ್ಮ. ಕರಡಿಗಳ ಹೆಸರು ಆಮೇಲಿನದು. ಬಿಳಿಕಲ್ಲು ಮೀಸಲು ಅರಣ್ಯವನ್ನು 1994ರಲ್ಲಿ ಕರಡಿಗಳಿಗಾಗಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. 2009ರಲ್ಲಿ ಬುಕ್ಕಸಾಗರದ ಅರಣ್ಯವನ್ನೂ ಸೇರಿಸಿದ ಮೇಲೆ ಈಗ ಒಟ್ಟು 82 ಚದರ ಕಿ.ಮೀ. ದಾಟಿದೆ. ದಟ್ಟಡವಿ, ತೊರೆ, ಮಂಜು ಎಂದುಕೊಂಡು ಹೋದರೆ ನಿರಾಶೆಯಾದೀತು. ಮಾನ್ವಿ ಸುತ್ತಲಿನ ಗುಡ್ಡಗಳ ಹಾಗೆಯೇ ಬಂಡೆಯ ಮೇಲೆ ಬಂಡೆ, ನಡುವೆ ಮುಳ್ಳುಕಂಟಿ. ಕರಡಿಗೆ ಬೇಕಾದದ್ದೂ ಇದೇ: ಬಿಸಿಲಿಗೆ ಮಲಗಲು ಬಂಡೆಯ ಸಂದು, ತಿನ್ನಲು ಗೆದ್ದಲು, ಬಾರಿ, ಕವಳಿ ಹಣ್ಣು.

ದಾರಿ ಸುಲಭ. ರಾಯಚೂರಿನಿಂದ ಮಾನ್ವಿ, ಸಿಂಧನೂರು, ಕಾರಟಗಿ, ಗಂಗಾವತಿ. ಅಲ್ಲಿಂದ ಕಡೆಬಾಗಿಲಿನ ಹತ್ತಿರ ತುಂಗಭದ್ರೆಯ ಸೇತುವೆ ದಾಟಿ ಬುಕ್ಕಸಾಗರದ ಮೇಲೆ ಕಮಲಾಪುರ. ಸುಮಾರು 170 ಕಿ.ಮೀ. ದೇವದುರ್ಗದವರು ರಾಯಚೂರಿಗೆ ಬರುವುದೇ ಬೇಡ, ಸಿರವಾರದ ಮೇಲೆ ಮಾನ್ವಿಗೆ ಬಂದು ಕೂಡಿಕೊಂಡರೆ ಸಾಕು. ಬಸ್ಸಿನಲ್ಲಿ ಹೊಸಪೇಟೆ ತನಕ ತಾಪತ್ರಯವಿಲ್ಲ. ಆದರೆ ಪಾತ್ರೆ-ಪಡಗ, ಹಿಟ್ಟು-ಬೇಳೆ ಹೊತ್ತು ಹೋಗುವ ಪ್ರವಾಸಕ್ಕೆ ಸ್ವಂತ ಗಾಡಿಯೋ ಬಾಡಿಗೆ ಕ್ರೂಸರೋ ಇದ್ದರೇ ಚೆಂದ. ಬೆಳಿಗ್ಗೆ ಆರಕ್ಕೇ ಹೊರಡಿ. ಸಿಂಧನೂರಿನಲ್ಲಿ ಮಂಡಾಳ ಒಗ್ಗರಣಿ, ಬಿಸಿ ಮಿರ್ಚಿ ತಿಂದು ಮುಂದೆ ಹೋದರೆ ಮಧ್ಯಾಹ್ನದ ತನಕ ಯಾರೂ ಹಸಿವು ಎನ್ನುವುದಿಲ್ಲ. ಅಕ್ಕಿಯನ್ನು ಮನೆಯಿಂದ ಒಯ್ಯಬೇಡಿ. ಕಾರಟಗಿ, ಗಂಗಾವತಿ ಸೋನಾ ಮಸೂರಿಯ ಊರುಗಳು, ಎಲ್ಲಿ ಇಳಿದರೂ ಸಿಗುತ್ತದೆ. ಕಾಯಿಪಲ್ಲೆ, ಹಾಲು, ಮೊಸರಿಗೂ ಗಂಗಾವತಿಯೇ ವಾಸಿ. ಹಂಪಿಯ ಸುತ್ತ ಪ್ರವಾಸಿಗರ ರೇಟು.

ಇನ್ನು ಉಳಿಯುವ ಮಾತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ರೆಸಾರ್ಟ್ ಕಮಲಾಪುರದಲ್ಲಿದೆ. ಕೋಣೆ, ಊಟ, ಜೀಪಿನಲ್ಲಿ ಕರಡಿಧಾಮ, ಎಲ್ಲವೂ ಒಂದೇ ಬಾಬ್ತಿನಲ್ಲಿ, ತಲೆಗಿಷ್ಟು ಎಂದು. ಗಂಡ-ಹೆಂಡತಿ ಇಬ್ಬರೇ ಹೋಗುವವರಿಗೆ ಅದೇ ಆರಾಮ, ಅನುಮಾನವೇ ಬೇಡ. ಆದರೆ ಅವ್ವ-ಅಪ್ಪ, ಅಕ್ಕನ ಮಕ್ಕಳು, ಎಲ್ಲ ಸೇರಿ ಎಂಟು-ಹತ್ತು ಜನ ಹೊರಟರೆ ಆ ಲೆಕ್ಕ ಮೈಮೇಲೆ ಬರುತ್ತದೆ. ಬಫೆಯ ಪನೀರು ಮುಟ್ಟದೆ “ಎರಡು ರೊಟ್ಟಿ ಇದ್ದಿದ್ರ ಆಗ್ತಿತ್ತು” ಎನ್ನುವ ಅವ್ವನ ಊಟಕ್ಕೂ ಅಷ್ಟೇ ದುಡ್ಡು ಕಟ್ಟಬೇಕು. ಇಂಥ ಕುಟುಂಬಕ್ಕೆ ಅಡುಗೆಮನೆ ಇರುವ ಇಡೀ ಮನೆಯೇ ಸರಿ.

ಕರಡಿಯೇ ಮುಖ್ಯವಾದರೆ ಕಮಲಾಪುರದ ಕಡೆ ಮನೆ ಹಿಡಿಯಿರಿ. ಹೊಳೆ, ಗುಡ್ಡ, ಹಳೆಯ ಊರು ಬೇಕೆಂದರೆ ಆನೆಗೊಂದಿ. ಅಲ್ಲಿಂದ ಕರಡಿಧಾಮಕ್ಕೆ ಸ್ವಲ್ಪ ಸುತ್ತು ಅಷ್ಟೇ. ಒಂದು ಎಚ್ಚರಿಕೆ: ಈ ಭಾಗದಲ್ಲಿ ಹೋಮ್‌ಸ್ಟೇ ಎಂದು ಬೋರ್ಡು ಹಾಕಿದವರೆಲ್ಲ ಒಲೆ ಬಿಟ್ಟುಕೊಡುವುದಿಲ್ಲ. ಅವರೇ ಮಾಡಿ ಬಡಿಸುತ್ತಾರೆ, ಅದಕ್ಕೆ ಬೇರೆ ದುಡ್ಡು. ಮುಂಗಡ ಕಳಿಸುವ ಮೊದಲು ಫೋನಿನಲ್ಲಿ ಬಾಯಿಬಿಟ್ಟು ಕೇಳಿ.

“ಅಣ್ಣಾರ, ಅಡಿಗಿ ನಾವ ಮಾಡ್ಕೋತೀವ್ರಿ. ಒಲಿ ಕೊಡ್ತೀರೇನ್ರಿ?”

“ಕೊಡ್ತೀನ್ರಿ ಅಕ್ಕಾರ, ಸಿಲಿಂಡರ್ ಅದ. ಪಾತ್ರಿ ಮಾತ್ರ ನೀವ ತರ್ರಿ.”

ಇಷ್ಟು ಮಾತು ಮುಗಿದಿದ್ದರೆ ಮುಂದೆ ಜಗಳವಿಲ್ಲ. ಬಾಡು ಬೇಯಿಸಲು ಬಿಡುತ್ತಾರೋ ಇಲ್ಲವೋ ಎಂಬುದನ್ನೂ ಆಗಲೇ ಕೇಳಿಬಿಡಿ. ಕ್ಷೇತ್ರದ ಊರುಗಳು, ಬಹಳ ಮಂದಿ ಒಪ್ಪುವುದಿಲ್ಲ. ಪರವಾನಗಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ಆದೇಶದ ಬೆನ್ನಿಗೇ 2020ರಲ್ಲಿ ಕೆಡವಿಹಾಕಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಹೊಲದ ನಡುವೆ ನಾಲ್ಕು ಗುಡಿಸಲು ಹಾಕಿ “ಜಂಗಲ್ ಸ್ಟೇ” ಎಂದು ಹೆಸರಿಟ್ಟ, ಕಾಗದಪತ್ರ ಇಲ್ಲದ ಜಾಗಕ್ಕೆ ಹೆಣ್ಣುಮಕ್ಕಳು, ಮುದುಕರನ್ನು ಕರೆದುಕೊಂಡು ಹೋಗುವುದು ಬೇಡವೇ ಬೇಡ.

ಬುತ್ತಿಯ ವಿಷಯಕ್ಕೆ ಬರೋಣ. ತಾನೇ ಬೇಯಿಸಿಕೊಂಡು ಉಳಿಯುವ ಪ್ರವಾಸಕ್ಕೆ ನಮ್ಮ ಖಡಕ್ ರೊಟ್ಟಿಯನ್ನು ಮೀರಿಸುವ ಪದಾರ್ಥ ಯಾವ ದೇಶದಲ್ಲಿದೆಯೋ ನಾನರಿಯೆ. ಹೊರಡುವ ಎರಡು ದಿನ ಮೊದಲೇ ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಮಗ್ಗುಲಿಗೆ ನಿಲ್ಲಿಸಿ ಒಣಗಿಸಿ. ಬಿಸಿಯಿದ್ದಾಗಲೇ ಕಟ್ಟಿದರೆ ಒಳಗೇ ಬೆವರಿ ತೊಗಲಿನಂತಾಗುತ್ತವೆ, ಮರುದಿನಕ್ಕೆ ಬೂಸರು. ಪೂರ್ತಿ ಆರಿದ ಮೇಲೆ ಬುಟ್ಟಿಯಲ್ಲಿ ಬಿಳಿ ಬಟ್ಟೆ ಹಾಸಿ ಒಂದರ ಮೇಲೊಂದು ಇಟ್ಟು, ಬಟ್ಟೆಯ ನಾಲ್ಕೂ ತುದಿ ಮೇಲೆ ಮಡಚಿ. ಬುಟ್ಟಿ ಡಿಕ್ಕಿಯಲ್ಲಿ ಬೇಡ. ಸಿಂಧನೂರಿನ ಹೊತ್ತಿಗೆ ಯಾರದೋ ಬ್ಯಾಗು ಮೇಲೆ ಬಿದ್ದು ಪುಡಿಯಾಗಿರುತ್ತದೆ. ತೊಡೆಯ ಮೇಲೆ ಇಟ್ಟುಕೊಳ್ಳುವವರು ಒಬ್ಬರಿರಲಿ. ಮೆತ್ತಗೆ ಬೇಕೆನ್ನುವ ಹಿರಿಯರಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಟ್ಟರೆ ಆಯಿತು.

ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ. ಇವು ಫ್ರಿಜ್ ಕೇಳುವುದಿಲ್ಲ. ಮೊದಲ ದಿನಕ್ಕೆ ಮನೆಯಿಂದಲೇ ಪುಂಡಿಪಲ್ಯ ಒಯ್ಯಿರಿ, ಹುಳಿ ಇರುವುದರಿಂದ ಬೇಗ ಕೆಡುವುದಿಲ್ಲ. ಅಲ್ಲಿ ಮಾಡಬೇಕಾದದ್ದು ಅನ್ನ, ಸಾರು, ಒಂದು ಝುಣಕ, ಚಹಾ, ಅಷ್ಟೆ. ಒಂದು ಕುಕ್ಕರ್, ಒಂದು ಬಾಣಲೆ, ಚಹಾದ ಪಾತ್ರೆ, ಚಾಕು, ಇಕ್ಕಳ, ಲೈಟರ್. ಇಕ್ಕಳವನ್ನು ಎಲ್ಲರೂ ಮರೆಯುತ್ತಾರೆ. ಕುಡಿಯುವ ನೀರಿಗೆ 20 ಲೀಟರಿನ ಕ್ಯಾನು ಇಟ್ಟುಕೊಳ್ಳಿ.

ಧಾಮದೊಳಗೆ ಒಲೆ, ಬೆಂಕಿ, ಊಟ ಯಾವುದೂ ಸಲ್ಲ. ಅದಕ್ಕೇ ದಿನದ ಏರ್ಪಾಡು ಕರಡಿಯ ಹೊತ್ತಿಗೆ ತಕ್ಕಂತೆ ಇರಬೇಕು. ಪ್ರವಾಸಿಗರನ್ನು ಒಳಗೆ ಬಿಡುವುದು ಮಧ್ಯಾಹ್ನದ ಮೇಲೆ, ಸಂಜೆ 6ರ ತನಕ. ಹನ್ನೆರಡಕ್ಕೆ ಊಟ ಮುಗಿಸಿ, ಒಂದು ಜೊಂಪು ತೆಗೆದು, ಎರಡಕ್ಕೆ ಹೊರಟರೆ ಗೇಟಿನಲ್ಲಿ ಚೀಟಿ ಮಾಡಿಸಿ ಮೂರರೊಳಗೆ ವೀಕ್ಷಣಾ ಗೋಪುರದ ಮೇಲಿರಬಹುದು. ಹಂಪಿಯಿಂದ ಧಾಮ ಸುಮಾರು 15 ಕಿ.ಮೀ. ದರ, ಸಮಯ ಆಗಾಗ ಬದಲಾಗುತ್ತಿರುತ್ತವೆ, ಹಿಂದಿನ ದಿನ ಮನೆಯ ಮಾಲೀಕರನ್ನು ಕೇಳಿಕೊಳ್ಳಿ.

ಗೋಪುರದೆದುರಿಗೆ ಕರಡಿಕಲ್ಲು ಗುಡ್ಡ. ಅರಣ್ಯ ಸಿಬ್ಬಂದಿ ಬೆಲ್ಲದ ಪಾಕವನ್ನು ಬಂಡೆಗಳಿಗೆ ಬಳಿದು ಬರುತ್ತಾರೆ. ಮೊದಲು ಬರುವುದು ಕರಡಿಯಲ್ಲ. ನವಿಲು ಬರುತ್ತದೆ, ಪುಕ್ಕಲು ಕಾಡುಕೋಳಿಗಳು ಬರುತ್ತವೆ, ಮುಂಗುಸಿಯೊಂದು ಬಂದು ಬಂಡೆ ನೆಕ್ಕಿ ಹೋಗುತ್ತದೆ. ಮಕ್ಕಳು ಬೇಸತ್ತು ಕೆಳಗಿಳಿಯೋಣ ಎನ್ನುವ ಹೊತ್ತಿಗೆ, ಎರಡು ಬಂಡೆಗಳ ನಡುವಿನ ನೆರಳೇ ಎದ್ದು ನಡೆದಂತೆ, ಒಂದು ಕರಿಯ ಮೈ ಹೊರಬರುತ್ತದೆ. ಜೋಲುಗೂದಲು, ಬೂದು ಮೂತಿ, ಒಳಮುಖವಾಗಿ ಹೊರಳಿದ ಮುಂಗಾಲು. ಎದ್ದು ನಿಂತರೆ ಎದೆಯ ಮೇಲಿನ ಬಿಳಿ ಪಟ್ಟೆ ಕಾಣುತ್ತದೆ. ತಾಯಿಯಾದರೆ ಬೆನ್ನ ಮೇಲೆ ಒಂದೋ ಎರಡೋ ಮರಿಗಳು ಕೂದಲು ಹಿಡಿದು ಕುಳಿತಿರುತ್ತವೆ. ಈ ಜಾತಿಯ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳಿರುವುದಿಲ್ಲ. ಆ ಸಂದಿನಿಂದಲೇ ಗೆದ್ದಲನ್ನು ಹುತ್ತದೊಳಗಿಂದ ಹೀರುತ್ತದೆ. ಆಗ ಮೂಗಿನ ಹೊಳ್ಳೆ ಮುಚ್ಚಿಕೊಂಡು ಮಣ್ಣು ಹೋಗದಂತೆ ನೋಡಿಕೊಳ್ಳುವುದೂ ಅದಕ್ಕೆ ಗೊತ್ತು. ಗುಡ್ಡ ದೂರ ಇರುವುದರಿಂದ ದುರ್ಬೀನು ಇರಲೇಬೇಕು, ಮೊಬೈಲಿನಲ್ಲಿ ಕರಿಯ ಚುಕ್ಕೆ ಬಿಟ್ಟು ಬೇರೇನೂ ಬೀಳದು.

ಕಾಡುಪ್ರಾಣಿಗೆ ಹೀಗೆ ಬೆಲ್ಲ ಉಣಿಸುವುದು ಸರಿಯೇ ಎಂದು ತಕರಾರು ಎತ್ತುವವರು ಇದ್ದಾರೆ. ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಹಳ್ಳಿಹಳ್ಳಿಗೆ ಮೂಗುದಾರ ಹಾಕಿದ ಕರಡಿ ಬರುತ್ತಿದ್ದ ಕಾಲ ಕಂಡವರಿಗೆ, ಅದೇ ಪ್ರಾಣಿ ಯಾರ ಹಂಗೂ ಇಲ್ಲದೆ ಬಂಡೆ ಇಳಿಯುವುದನ್ನು ನೋಡುವುದು ಸಣ್ಣ ಮಾತಲ್ಲ.

ನೋಡಲು ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು ಕಂಡವರಿಗೂ ಗೋಪುರದ ಮೇಲೆ ಕೂರುವುದು ಸಾಕುಸಾಕಾಗುತ್ತದೆ. ಮಳೆಗಾಲದಲ್ಲಿ ಕಂಟಿಯೆಲ್ಲ ಚಿಗುರಿ ಮರೆಯಾಗುತ್ತದೆ.

ಬಾಡಿಗೆ ಮನೆಗೆ ಮರಳಿದ ಮೇಲೆ ಕಾಡು ಮುಗಿಯಿತು ಎಂದುಕೊಳ್ಳಬೇಡಿ. ಧಾಮಕ್ಕೆ ಬೇಲಿಯಿಲ್ಲ. ಕಬ್ಬು, ಬಾಳೆ, ಮೆಕ್ಕೆಜೋಳದ ಹೊಲಗಳಿಗೆ ಕರಡಿ ರಾತ್ರಿ ಬರುತ್ತದೆ. ಆನೆಗೊಂದಿ ಕಡೆ ಚಿರತೆ ಇದೆ. 2020ರಲ್ಲಿ ಅಲ್ಲಿನ ದುರ್ಗಾದೇವಿ ಬೆಟ್ಟದ ಬಳಿ ಯುವಕನೊಬ್ಬ ಚಿರತೆ ದಾಳಿಗೆ ಸಿಕ್ಕು ಸತ್ತ. ಕತ್ತಲಾದ ಮೇಲೆ ಅಡ್ಡಾಡಲು ಹೋಗುವುದು, ಬೆಳಗಿನ ಜಾವ ಹೊಲದ ಕಡೆ ಹೋಗುವುದು ಎರಡೂ ಬೇಡ. ಕರಡಿಗೆ ಕಣ್ಣು ಮಂದ, ಮೂಗು ಚುರುಕು: ಉಳಿದ ಅನ್ನ, ಹಣ್ಣಿನ ಸಿಪ್ಪೆ, ಬೆಲ್ಲದ ಚೀಲ ಹೊರಗೆ ಇಟ್ಟರೆ ಕರೆದು ಮಣೆ ಹಾಕಿದಂತೆ. ಮುಸುರೆ ನೀರನ್ನೂ ಅಂಗಳಕ್ಕೆ ಚೆಲ್ಲದೆ ಬಚ್ಚಲಿಗೆ ಹಾಕಿ. ಹಗಲಿನ ಕಾಟ ಮಂಗಗಳದು. ಅಡುಗೆಮನೆಯ ಕಿಟಕಿ ತೆರೆದಿಟ್ಟು ಹಂಪಿ ನೋಡಲು ಹೋದರೆ ರೊಟ್ಟಿ ಬುಟ್ಟಿಯ ಆಸೆ ಬಿಟ್ಟುಬಿಡಿ.

ಬೆಳಗಿನ ಹೊತ್ತು ಖಾಲಿ ಇರುತ್ತದಲ್ಲ, ಅದಕ್ಕೆ ಹೊಳೆಯಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಹೊತ್ತು ಮೂಡುವಾಗ ದಡದ ಬಂಡೆಯ ಮೇಲೆ ಸುಮ್ಮನೆ ಕೂತರೆ ಕಂಡರೂ ಕಾಣಬಹುದು. ಅದಕ್ಕೆಂದು ನೀರಿಗಿಳಿಯಬೇಡಿ. ಕೃಷ್ಣೆಯ ಮೊಸಳೆಗಳನ್ನು ಬಲ್ಲ ದೇವದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ತುಂಗಭದ್ರೆಯಲ್ಲೂ ಮೊಸಳೆಗಳಿವೆ. ಸಣ್ಣ ಮಕ್ಕಳಿಗೆ ಕಾಯುವ ತಾಳ್ಮೆ ಇಲ್ಲವೆಂದಾದರೆ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಸಂಗ್ರಹಾಲಯದ ಸಫಾರಿ ಇದೆ, ಹುಲಿ-ಸಿಂಹ ಖಂಡಿತ ಕಾಣುತ್ತವೆ. ಅದು ಬೇಲಿಯೊಳಗಿನ ಸಫಾರಿ ಎಂದು ಮಕ್ಕಳಿಗೆ ಹೇಳಿಯೇ ಕರೆದೊಯ್ಯಿರಿ.

ಎರಡು ರಾತ್ರಿ ಉಳಿಯುವ ಲೆಕ್ಕದಲ್ಲಿ ಹೋಗಿ. ಮೊದಲ ಸಂಜೆ ಕರಡಿ ಬಾರದಿದ್ದರೆ ಎರಡನೆಯದು ಕೈಯಲ್ಲಿರುತ್ತದೆ. ಕೊನೆಯ ದಿನ ಸಂಜೆ ಆರಕ್ಕೆ ಗೋಪುರ ಇಳಿದು ನೇರ ಊರ ದಾರಿ ಹಿಡಿಯುವ ಆಸೆ ಬೇಡ. ಭತ್ತದ ಸುಗ್ಗಿಯಲ್ಲಿ ಗಂಗಾವತಿಯಿಂದ ಸಿಂಧನೂರಿನವರೆಗೆ ರಸ್ತೆಯ ಅರ್ಧಕ್ಕೆ ಭತ್ತ ಹರವಿರುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ, ಮುಂದೆ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರು. ಬೆಳಿಗ್ಗೆ ಎದ್ದು, ಉಳಿದ ಅನ್ನಕ್ಕೆ ಚಿತ್ರಾನ್ನದ ಒಗ್ಗರಣೆ ಹಾಕಿ ಡಬ್ಬಿ ತುಂಬಿಕೊಂಡು, ಒಲೆ-ಕಟ್ಟೆ ಒರೆಸಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಬೀಗದ ಕೈ ಮಾಲೀಕರ ಕೈಗೇ ಕೊಟ್ಟು ಹೊರಡಿ. ಕಸದ ಚೀಲ ನಿಮ್ಮ ಗಾಡಿಯಲ್ಲೇ ಇರಲಿ, ಗಂಗಾವತಿಯಲ್ಲಿ ನಗರಸಭೆಯ ತೊಟ್ಟಿ ಸಿಗುತ್ತದೆ.