ಹಂಗಾಮಿ ಹೆಣ್ಣಾಳು ಮತ್ತು 80 ದಿನಗಳ ಲೆಕ್ಕ

ಕೊಯ್ಲಿಗೆ ಬರುವ ಹೆಣ್ಣಾಳು ಹಂಗಾಮಿಯವಳು, ಆಕೆಗೆ ಕೂಲಿಯ ಹೊರತು ಬೇರೇನೂ ಸಲ್ಲದು ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಹೆರಿಗೆ ಸೌಲಭ್ಯದ ಮಟ್ಟಿಗೆ ಇದು ಸರಿಯಲ್ಲ.

ದೆಹಲಿ ಮಹಾನಗರ ಪಾಲಿಕೆಯಲ್ಲಿ ರಸ್ತೆ ಕೆಲಸ ಮಾಡುತ್ತಿದ್ದ ದಿನಗೂಲಿ ಹೆಂಗಸರಿಗೆ, ಖಾಯಂ ನೌಕರರಲ್ಲವೆಂಬ ಕಾರಣದಿಂದ ಹೆರಿಗೆ ರಜೆ ದೊರೆಯುತ್ತಿರಲಿಲ್ಲ. ಅವರ ಸಂಘ ಹೋರಾಡಿತು. 1961ರ ಹೆರಿಗೆ ಸೌಲಭ್ಯ ಕಾಯಿದೆ ಖಾಯಂ ನೌಕರರಿಗೆ ಮಾತ್ರವಲ್ಲ, ದಿನಗೂಲಿಯವರಿಗೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟು 2000ನೇ ಇಸವಿ ಮಾರ್ಚ್ 8ರಂದು ತೀರ್ಪಿತ್ತಿತು.

ಈಗ ಆ ಕಾಯಿದೆಯ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ವ್ಯಾಪ್ತಿಗೆ ಬರುವ ತೋಟದವರು ನೆನಪಿಡಬೇಕಾದ ಅಂಶಗಳು:

1. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಅದೇ ಮಾಲೀಕರಲ್ಲಿ 80 ದಿನ ದುಡಿದಿರಬೇಕು.

2. ಎರಡಕ್ಕಿಂತ ಕಡಿಮೆ ಮಕ್ಕಳಿರುವವರಿಗೆ ಗರಿಷ್ಠ 26 ವಾರ, ಉಳಿದವರಿಗೆ 12 ವಾರ ವೇತನ ಸಹಿತ ರಜೆ.

3. ಅರೇಬಿಕಾ ಕೊಯ್ದು ರೊಬಸ್ಟಾವನ್ನೂ ಮುಗಿಸುವವಳಿಗೆ ಒಂದೇ ಹಂಗಾಮಿನಲ್ಲಿ 80 ದಿನ ತುಂಬಬಹುದು.

ಆದರೆ ನಾಲ್ಕು ಮಾಲೀಕರ ತೋಟಗಳಲ್ಲಿ ಮೂವತ್ತು ಮೂವತ್ತು ದಿನ ದುಡಿದವಳಿಗೆ 120 ದಿನವಾದರೂ ಏನೂ ಇಲ್ಲ. ಕಾನೂನು ಆ ದಿನಗಳನ್ನು ಕೂಡಿಸುವುದಿಲ್ಲ. ಅಡಿಕೆ ಸುಲಿಯಲು ಮನೆಯಿಂದ ಮನೆಗೆ ಹೋಗುವವಳ ಪಾಡೂ ಇದೇ. ಎಲ್ಲ ಕಡೆಯ ದಿನಗಳನ್ನೂ ಕೂಡಿಸಿ ಲೆಕ್ಕ ಹಿಡಿಯಬೇಕು, ಖರ್ಚನ್ನು ಸಾಮಾನ್ಯ ನಿಧಿಯಿಂದ ಭರಿಸಬೇಕು ಎಂದು ಕೂಲಿಗಾರರ ಜೊತೆಗೆ ಬೆಳೆಗಾರರಾದ ನಾವೂ ಕೇಳುವುದು ನ್ಯಾಯ. ಆಗ ಯಾವ ಒಬ್ಬ ಬೆಳೆಗಾರನ ಮೇಲೂ ಪೂರ್ತಿ ಹೊರೆ ಬೀಳದು.

ಅದುವರೆಗೆ, ಮೇಸ್ತ್ರಿ ಕರೆತಂದವರನ್ನು ಒಟ್ಟು ತಲೆಯೆಣಿಕೆಯಲ್ಲಿ ಬರೆಯದೆ, ಪ್ರತಿಯೊಬ್ಬರ ಹೆಸರನ್ನೂ ಹಾಜರಿ ಪುಸ್ತಕದಲ್ಲಿ ದಾಖಲಿಸೋಣ. ಕೊಯ್ಲು ಮುಗಿದಾಗ ದುಡಿದ ದಿನಗಳ ಲೆಕ್ಕವನ್ನು ಸಹಿ ಹಾಕಿ ಅವರ ಕೈಗೆ ಕೊಡೋಣ.