ಕಬ್ಬಿನ ಬಿಲ್ಲು ಬಂದ ದಿನವೇ ಹೊಸ ವರ್ಷ

ಜನವರಿಯಲ್ಲಿ ಯಾರಾದರೂ ತಮ್ಮ ಹೊಸ ವರ್ಷದ ಸಂಕಲ್ಪ ಹೇಳಿಕೊಂಡರೆ ನಾನು ಕೇಳುವ ಮೊದಲ ಮಾತು ಒಂದೇ: ಅದಕ್ಕ ರೊಕ್ಕ ಯಾವತ್ತು ಬರತೈತಿ?

ತಂಬಾಕು ಬಿಡುತ್ತೇನೆ, ಕಂಪ್ಯೂಟರ್ ಕಲಿಯುತ್ತೇನೆ, ಕೈಸಾಲ ಹರಿದುಕೊಳ್ಳುತ್ತೇನೆ ಎನ್ನುತ್ತಾರೆ. ಎಲ್ಲವೂ ಒಳ್ಳೆಯ ಸಂಕಲ್ಪಗಳೇ. ಆದರೆ ದುಡ್ಡು ಕೈಗೆ ಬರುವ ದಿನಕ್ಕೂ ಸಂಕಲ್ಪಕ್ಕೂ ಗಂಟು ಬೀಳದಿದ್ದರೆ ಅದು ಶಿವರಾತ್ರಿಯವರೆಗೂ ಬಾಳುವುದಿಲ್ಲ. ಬೈಲಹೊಂಗಲದಂಥ ಊರಿನಲ್ಲಿ ಸಂಸಾರ ನಡೆಸುತ್ತ, ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತ, ಮನೆಯ ಲೆಕ್ಕ ಬರೆಯುತ್ತ ನನಗೆ ಗಟ್ಟಿಯಾದ ನಂಬಿಕೆ ಇದು.

ಹಣಕಾಸಿನ ಪುಸ್ತಕಗಳು ತಿಂಗಳ ಸಂಬಳದಲ್ಲಿ ಐದನೇ ಒಂದು ಪಾಲು ತೆಗೆದಿಡಿ ಎನ್ನುತ್ತವೆ. ಆದರೆ ನಮ್ಮ ಭಾಗದಲ್ಲಿ ತಿಂಗಳ ಸಂಬಳದ ಮೇಲೆ ನಡೆಯುವ ಮನೆಗಳು ಎಷ್ಟಿವೆ? ಕಬ್ಬಿನವರಿಗೆ ಕಾರ್ಖಾನೆಯ ಬಿಲ್ಲು ಬಂದಾಗ ರೊಕ್ಕ. ಸವದತ್ತಿಯ ಎರೆಭೂಮಿಯವರಿಗೆ ಕಡಲಿ, ಬಿಳಿಜೋಳ ಮಾರಿದಾಗ. ರಾಮದುರ್ಗ, ಸುರೇಬಾನದ ನೇಕಾರರಿಗೆ ವಾರದ ಬಟವಡೆ. ಎಮ್ಮೆ ಕಟ್ಟಿದವರಿಗೆ ಹಾಲಿನ ಪಗಾರ. ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಪೇಟೆಯ ವ್ಯಾಪಾರಸ್ಥರು ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ-ಕಿರ್ದಿಗೆ ಪೂಜೆ ಮಾಡಿ ಲೆಕ್ಕ ಶುರು ಮಾಡುತ್ತಿದ್ದರು. ಒಕ್ಕಲುತನದ ಮನೆಯಲ್ಲಿ ಸಂಬಳದ ಆಳಿನ ಹಳೆಯ ಬಾಕಿ ಚುಕ್ತಾ ಆಗಿ ಮುಂದಿನ ವರ್ಷದ ಮಾತುಕತೆ ಆಗುತ್ತಿದ್ದದ್ದು ಯುಗಾದಿಗೆ. ಯಾರ ಹೊಸ ವರ್ಷ ಯಾವುದು ಎಂಬುದನ್ನು ಅವರವರ ದುಡಿಮೆಯೇ ಹೇಳುತ್ತಿತ್ತು.

ನಮ್ಮ ಮನೆಗೆ ಮೂರು ದಾರಿಯಿಂದ ರೊಕ್ಕ ಬರುತ್ತದೆ: ವಾರಕ್ಕೊಮ್ಮೆ ಹಾಲಿನದು, ತಿಂಗಳಿಗೊಮ್ಮೆ ನನ್ನ ಸಂಬಳ, ವರ್ಷಕ್ಕೊಮ್ಮೆ ಕಬ್ಬಿನ ಬಿಲ್ಲು. ಹಾಗಾಗಿ ಸಂಕಲ್ಪಗಳನ್ನೂ ಅದೇ ಮೂರಕ್ಕೆ ಹಂಚಿಕೊಂಡಿದ್ದೇವೆ.

ಹಾಲಿನ ಪಗಾರಕ್ಕೆ ಕಟ್ಟಿದ್ದು ಚಟ ಬಿಡುವ ಸಂಕಲ್ಪ. ನಮ್ಮ ಮನೆಯವರು ತಂಬಾಕು, ಪಾನ್ ಮಸಾಲಾ ಬಿಟ್ಟದ್ದು ಒಂದು ಜನವರಿಯಲ್ಲಿ. ದಿನಕ್ಕೆ 40 ರೂಪಾಯಿ ಅದಕ್ಕೇ ಹೋಗುತ್ತಿತ್ತು. ವಾರಕ್ಕೆ 280, ವರ್ಷಕ್ಕೆ 14,600. ಬಿಟ್ಟು ಒಂದೂವರೆ ತಿಂಗಳಾಗಿರಬೇಕು, ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದರು: "ಅಲ್ಲಾ, ನಾ ತಿನ್ನೂದಂತೂ ಬಿಟ್ಟೆ. ಆ ರೊಕ್ಕ ಎಲ್ಲಿ ಹೋತು?" ಡೈರಿ ತೆಗೆದು ಇಬ್ಬರೂ ಹುಡುಕಿದೆವು. ಚಹಾ, ಭಜಿ, ಮೊಬೈಲ್ ರಿಚಾರ್ಜ್, ಪೆಟ್ರೋಲ್ ಎಲ್ಲದರಲ್ಲೂ ಚೂರುಚೂರು ಕರಗಿತ್ತು. ಬಿಟ್ಟ ಚಟದ ದುಡ್ಡಿಗೆ ಬೇರೆ ಮನೆ ತೋರಿಸದಿದ್ದರೆ ಅದು ಜೇಬಿನಲ್ಲಿ ನಿಲ್ಲುವುದಿಲ್ಲ. ಈಗ ಹಾಲಿನ ಪಗಾರ ಬಂದ ದಿನವೇ ಅವರು 280 ರೂಪಾಯಿ ತೆಗೆದು ದೇವರ ಕೋಣೆಯ ಡಬ್ಬಿಗೆ ಹಾಕುತ್ತಾರೆ. ತಿಂಗಳಿಗೆ ಅದರಲ್ಲಿ 1,200 ಅಂಚೆ ಕಚೇರಿಯ ಆರ್‌ಡಿಗೆ ಹೋಗುತ್ತದೆ. ಬಡ್ಡಿ ದರ ನೂರಕ್ಕೆ 6.7. ಐದು ವರ್ಷ ಕಟ್ಟಿದರೆ ನಾವು ಹಾಕಿದ್ದು 72,000, ಕೈಗೆ ಬರುವುದು 85,000ಕ್ಕಿಂತ ಹೆಚ್ಚು. ಚಟ ಮತ್ತೆ ಕರೆದಾಗಲೂ ಅವರನ್ನು ಹಿಡಿದು ನಿಲ್ಲಿಸಿದ್ದು ಆ ಪಾಸ್‌ಬುಕ್ಕು. ಆರೋಗ್ಯದ ಮಾತನ್ನು ನಾನು ಎಷ್ಟೋ ವರ್ಷ ಹೇಳಿದ್ದೆ. ಏರುವ ಅಂಕಿ ಮಾಡಿದಷ್ಟು ಕೆಲಸವನ್ನು ನನ್ನ ಮಾತು ಮಾಡಿರಲಿಲ್ಲ.

ಕಬ್ಬಿನ ಬಿಲ್ಲಿನ ಲೆಕ್ಕ ಇಷ್ಟು ಸಲೀಸಲ್ಲ. ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಿಲ್ಲು ಕಂತುಕಂತಾಗಿ, ತಡವಾಗಿ ಬಂದ ವರ್ಷಗಳನ್ನು ಕಾಣದ ರೈತನ ಮನೆ ನಮ್ಮ ಸುತ್ತಮುತ್ತ ಇಲ್ಲ. ದರವಾದರೂ ಮೊದಲೇ ಗೊತ್ತಿರುತ್ತದೆಯೇ? 2025ರ ನವೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು-ರಾತ್ರಿ ಕೂತ ಮೇಲೆ ಟನ್ನಿಗೆ 3,300 ರೂಪಾಯಿಯ ಮಾತು ಆಯಿತು. ಹೀಗಿರುವಾಗ "ಫೆಬ್ರುವರಿ 1ಕ್ಕೆ ಇಷ್ಟು ಸಾವಿರ ಕಟ್ಟುತ್ತೇನೆ" ಎಂದು ಬರೆದುಕೊಳ್ಳುವ ರೈತ ತನ್ನ ಕೈಯಲ್ಲಿಲ್ಲದ್ದಕ್ಕೆ ಮಾತು ಕೊಟ್ಟಂತೆ. ಅದಕ್ಕೆ ನಾವು ತಾರೀಖನ್ನೂ ಬರೆಯುವುದಿಲ್ಲ, ಮೊತ್ತವನ್ನೂ ಬರೆಯುವುದಿಲ್ಲ. "ಬಿಲ್ಲು ಬಂದ ದಿನ, ಹತ್ತರಲ್ಲಿ ಒಂದು ಪಾಲು" ಎಂದು ಬರೆದುಕೊಳ್ಳುತ್ತೇವೆ. ಬಿಲ್ಲು ಎರಡು ಕಂತಿನಲ್ಲಿ ಬಂದರೆ ಎರಡು ಸಲ ಪಾಲು ತೆಗೆಯುತ್ತೇವೆ.

ಉಳಿದ ಒಂಬತ್ತು ಪಾಲಿಗೂ ಸರದಿ ಇದೆ. ಮೊದಲು ಸೊಸೈಟಿಯ ಬೆಳೆಸಾಲ. ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆಸಾಲ ಶೂನ್ಯ ಬಡ್ಡಿಯದು. 2023-24ರಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಆ ಶೂನ್ಯ ಉಳಿಯುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಒಂದು ದಿನ ದಾಟಿದರೂ ರಿಯಾಯಿತಿ ಕೈತಪ್ಪಬಹುದು. ಹಿಂದೆಯೇ ಕೈಸಾಲ. ನಮ್ಮಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಜನ ಹಗುರಾಗಿ ತಲೆಯಾಡಿಸುತ್ತಾರೆ. ವರ್ಷಕ್ಕೆ ಅದು 36. 50,000 ತಂದರೆ ವರ್ಷ ತುಂಬುವಷ್ಟರಲ್ಲಿ ಬಡ್ಡಿಯೇ 18,000, ಅಸಲು ಹಾಗೇ ಕೂತಿರುತ್ತದೆ. ಕೈಸಾಲ ತಲೆಯ ಮೇಲಿಟ್ಟುಕೊಂಡು ಬ್ಯಾಂಕಿನಲ್ಲಿ ಠೇವಣಿ ಇಡುವ ಹೆಮ್ಮೆ ಬೇಡ. ಆ ಸಾಲ ಹರಿಯುವುದಕ್ಕಿಂತ ದೊಡ್ಡ ಗಳಿಕೆ ನಮ್ಮಂಥವರಿಗೆ ಯಾವ ಬ್ಯಾಂಕಿನಲ್ಲೂ ಸಿಗುವುದಿಲ್ಲ.

ಜಾತ್ರೆಯನ್ನು ಖರ್ಚಿನ ಪಟ್ಟಿಯಿಂದಲೇ ಕಿತ್ತುಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗದ ಮನೆ ನಮ್ಮ ಓಣಿಯಲ್ಲಿ ಕಡಿಮೆ. ಹೊಸ ವರ್ಷಕ್ಕೆ ಖರ್ಚು ಕಡಿತ ಎಂದು ಯಲ್ಲಮ್ಮನ ಹರಕೆಯನ್ನೇ ಕಡಿದವರು ಕಡೆಗೆ ಹೋಗಿಯೇ ಹೋಗುತ್ತಾರೆ, ಸಾಲ ಮಾಡಿ. ಜಾತ್ರೆಯ ಖರ್ಚನ್ನು ನಾನು ಆಗಸ್ಟಿನಿಂದಲೇ ಸಂಬಳದಲ್ಲಿ ಸ್ವಲ್ಪಸ್ವಲ್ಪ ಎತ್ತಿಡುತ್ತೇನೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಚಿಂತೆಯೂ ಇಲ್ಲ. ಹೋಳಿಗೆ, ಬಳೆ, ಭಂಡಾರ ಎಲ್ಲ ಮನಸ್ಸು ಬಿಚ್ಚಿ ಕೊಳ್ಳುತ್ತೇವೆ.

ತನ್ನನ್ನು ತಾನು ತಿದ್ದಿಕೊಳ್ಳುವುದೆಂದರೆ ಏನು ಎಂದು ನನಗೆ ತೋರಿಸಿಕೊಟ್ಟವರು ನಮ್ಮ ಮಹಿಳಾ ಸಂಘದ ಒಬ್ಬ ಹಿರಿಯ ಸದಸ್ಯೆ. ಅವರ ಸಂಕಲ್ಪ ಒಂದೇ ಆಗಿತ್ತು: ಬ್ಯಾಂಕಿನ ಪಾಸ್‌ಬುಕ್ ತಾನೇ ಓದಬೇಕು. ವಾರದ ಸಭೆ ಮುಗಿದ ಮೇಲೆ ನನ್ನ ಹತ್ತಿರ ಕೂತು ಅಂಕಿ ಕಲಿತರು. ಜಮಾ ಯಾವ ಕಾಲಂ, ಖರ್ಚು ಯಾವ ಕಾಲಂ ಎಂದು ಬೆರಳಿಟ್ಟು ಗುರುತಿಸಿಕೊಂಡರು. ಗೃಹಲಕ್ಷ್ಮಿಯ 2,000 ಬಂದದ್ದನ್ನು ಮೊದಲು ಹಿಡಿದರು. ಆಮೇಲೊಂದು ದಿನ ಬೆರಳು ಒಂದು ಸಾಲಿನಲ್ಲಿ ನಿಂತಿತು. "ಅಕ್ಕೋರ, ಈ ಇಪ್ಪತ್ತು ರೂಪಾಯಿ ಯಾರ ತಗೊಂಡಾರ್ರೀ?"

ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಹಿಂದೆಂದೋ ಫಾರ್ಮಿಗೆ ಹೆಬ್ಬೆಟ್ಟು ಒತ್ತಿದ್ದು ಅವರಿಗೆ ನೆನಪೇ ಇರಲಿಲ್ಲ. ತನಗೆ ವಿಮೆ ಇದೆ ಎಂದು ಅವರಿಗೆ ಗೊತ್ತಾದದ್ದು ಅವತ್ತು. ಹಾಗೆ ಗೊತ್ತಿಲ್ಲದೆಯೇ ಸತ್ತರೆ ಮನೆಯವರು ಆ ಹಣ ಕೇಳುವುದಾದರೂ ಹೇಗೆ? ಮರುವಾರ ಅವರು ಮಗನಿಗೂ ಸೊಸೆಗೂ ಆ ಸಾಲು ತೋರಿಸಿದರಂತೆ. ಸಾಲದ ಕಂತಿನ ವಿಷಯದಲ್ಲೂ ಅವರ ಮಾತಿಗೆ ಈಗ ತೂಕ ಬಂದಿದೆ. ಹಳೆಯ ಕಂತು ಕಟ್ಟಲು ಹೊಸ ಸಾಲ ಎತ್ತುವವರಿಗೆ ನಾನು ಹೇಳುತ್ತಿದ್ದದ್ದು ಇಷ್ಟು: ಮನೆಯ ತಿಂಗಳ ಗಳಿಕೆಯ ಅರ್ಧಕ್ಕಿಂತ ಹೆಚ್ಚು ಕಂತು ಬೀಳುವಂತೆ ಸಾಲ ಕೊಡಬಾರದೆಂದು 2022ರಿಂದ ಮೈಕ್ರೋಫೈನಾನ್ಸಿಗೆ ರಿಸರ್ವ್ ಬ್ಯಾಂಕಿನ ನಿಯಮವಿದೆ. ಈಗ ಸಭೆಯಲ್ಲಿ ಅದನ್ನು ಅವರೇ ಹೇಳುತ್ತಾರೆ, ಕೇಳುವವರಿಗೆ ಅರ್ಥವಾಗುವ ಮಾತಿನಲ್ಲಿ: "ಹತ್ತು ಸಾವಿರ ದುಡಿದರ ಐದರ ಮ್ಯಾಲೆ ಕಂತು ಇರಬಾರದು, ತಂಗೀ."

ಇನ್ನು ಈ ವರ್ಷ ನನ್ನ ಸಂಬಳಕ್ಕೆ ಕಟ್ಟಿಕೊಂಡಿರುವುದು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿಕೆ. ಏಪ್ರಿಲ್-ಮೇ ರಜೆಯಲ್ಲಿ ಕ್ಲಾಸು. ಫೀಸು ಜನವರಿ, ಫೆಬ್ರುವರಿ, ಮಾರ್ಚ್ ಮೂರು ಸಂಬಳದಲ್ಲಿ ಪಾಲಾಗಿ ಹೋಗುತ್ತದೆ. ಜೂನಿನಲ್ಲಿ ಮಕ್ಕಳ ಶಾಲೆಯ ಖರ್ಚು ಬೀಳುವ ಮೊದಲೇ ಇದು ಮುಗಿಯಬೇಕು. ಕಲಿತ ಮೇಲೆ ಓಣಿಯ ಒಂದೆರಡು ಅಂಗಡಿಗಳ ಲೆಕ್ಕ ಹಿಡಿಯುವ ಆಸೆ ಇದೆ, ಮಾತೂ ಆಗಿದೆ. ಡೈರಿಯ ಮೇ ತಿಂಗಳ ಪುಟದಲ್ಲಿ ಇನ್ನೂ ಒಂದು ಸಾಲು ಬರೆದಿಟ್ಟಿದ್ದೇನೆ, ನೀವೂ ಬರೆದಿಟ್ಟುಕೊಳ್ಳಿ: ತಿಂಗಳ ಕೊನೆಯ ವಾರ ಖಾತೆಯಲ್ಲಿ 456 ರೂಪಾಯಿಯಾದರೂ ಇರಲಿ. ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯ ಕಂತು 436, ಸುರಕ್ಷಾ ಬಿಮಾದ 20. ಎರಡೂ ವಿಮೆಗಳ ವರ್ಷ ಶುರುವಾಗುವುದು ಜೂನ್ 1ಕ್ಕೆ.